ಹೊರ್ವತ್ ಕಸ್ರಾದ ಸಲೋಮೆ ಗುಹೆ: ಗೋರಿ ಇಗರ್ಜಿಯಾದದ್ದನ್ನು ಕಲ್ಲಿನಲ್ಲಿ ಓದುವುದು ಹೇಗೆ?

ಮಣ್ಣಿನ_ಪದರ

ಇಸ್ರೇಲಿನ ಲಾಕೀಷ್ ಕಾಡಿನಲ್ಲಿರುವ ಹೊರ್ವತ್ ಕಸ್ರಾ ಗುಹೆಯ ಬಗ್ಗೆ ಪ್ರತ್ಯೇಕವಾಗಿ ಚರ್ಚೆಯಾಗಬೇಕು ಅಂತ ಈ ಎಳೆ ಶುರುಮಾಡ್ತಿದ್ದೇನೆ. ಗೊತ್ತಿರುವಷ್ಟನ್ನು ಮೊದಲು ಹೇಳಿಬಿಡ್ತೀನಿ.

ಗುಹೆ ಮೊದಲು ಸಿಕ್ಕಿದ್ದು 1982ರಲ್ಲಿ, ಅದೂ ಪುರಾತನ ವಸ್ತುಗಳ ಕಳ್ಳರಿಗೆ. ಎರಡು ವರ್ಷದ ನಂತರ ಪುರಾತತ್ವಜ್ಞ ಅಮೋಸ್ ಕ್ಲೋನರ್ ಒಳಭಾಗವನ್ನು ಉತ್ಖನನ ಮಾಡಿದರು. ಜೆರುಸಲೇಮಿನಲ್ಲಿ ಯೆಹೂದಿಗಳ ಎರಡನೆಯ ದೇವಾಲಯವಿದ್ದ ಕಾಲದ, ಅಂದರೆ ಸುಮಾರು 2000 ವರ್ಷ ಹಳೆಯ ಯೆಹೂದಿ ಕುಟುಂಬವೊಂದರ ಗೋರಿ ಅದು. ಹಲವು ಕೋಣೆಗಳು, ಗೋಡೆಯಲ್ಲಿ ಕೊರೆದ ಶವಗೂಡುಗಳು, ಒಡೆದ ಅಸ್ಥಿಪೆಟ್ಟಿಗೆಗಳು. ಅದೇ ಕೋಣೆಗಳ ಗೋಡೆಯಲ್ಲಿ ಶಿಲುಬೆಗಳು, ಗ್ರೀಕ್, ಸಿರಿಯಾಕ್, ಅರಬ್ಬಿ ಬರಹಗಳು, ಸಲೋಮೆ ಎಂಬ ಹೆಸರು. ಬೈಜಾಂಟೈನ್ ಕಾಲದಲ್ಲಿ, ಅಂದರೆ ಸುಮಾರು 4ರಿಂದ 7ನೆಯ ಶತಮಾನದಲ್ಲಿ, ಗೋರಿ ಕ್ರೈಸ್ತರ ಪ್ರಾರ್ಥನಾಲಯವಾಗಿತ್ತು. ಗುಹೆಯ ಮುಂದಿನ ಸುಮಾರು 350 ಚದರ ಮೀಟರಿನ ಅಂಗಳವನ್ನು ಅಗೆದ ಸುದ್ದಿ ಬಂದದ್ದು 2022ರ ಡಿಸೆಂಬರಿನಲ್ಲಿ. ನಯಗೊಳಿಸಿದ ಕಲ್ಲಿನ ಗೋಡೆ, ಚಪ್ಪಡಿ ಮತ್ತು ಮೊಸಾಯಿಕ್ ನೆಲ, ಅಂಗಡಿಸಾಲು, ನೂರಾರು ಮಣ್ಣಿನ ಹಣತೆಗಳು.

ಎಲ್ಲ ಸುದ್ದಿಯೂ "ಗೋರಿಯಾಗಿತ್ತು, ಆಮೇಲೆ ಚರ್ಚ್ ಆಯಿತು" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತೆ. ಆ "ಆಮೇಲೆ" ಅನ್ನೋದಕ್ಕೆ ಕಲ್ಲಿನಲ್ಲಿ ಸಾಕ್ಷಿ ಏನು? ಯಾವ ಗುರುತು ಗೋರಿಯದು, ಯಾವುದು ಇಗರ್ಜಿಯದು, ಯಾವುದು ಸುಮ್ಮನೆ ಬಂದುಹೋದವರದು? ಬೇರೆ ಕಡೆಯ ಉದಾಹರಣೆಗಳನ್ನೂ ಸೇರಿಸಿ ಬರೆಯಿರಿ.

---

ಉಳಿಪೆಟ್ಟು

ಗೋರಿಯಿಂದಲೇ ಶುರುಮಾಡೋಣ. ಗೋರಿಯ ನಕ್ಷೆ ಕಣ್ಣಿಗೆ ಕಟ್ಟದಿದ್ದರೆ ಆಮೇಲಿನ ಬದಲಾವಣೆ ಕಾಣಿಸೋದಿಲ್ಲ.

ಲಾಕೀಷ್ ಕಡೆಯ ತಪ್ಪಲಿನ ಬಂಡೆ ಎರಡು ತರದ್ದು. ಮೇಲೆ ನಾರಿ ಎಂದು ಕರೆಯುವ ಗಟ್ಟಿ ಸುಣ್ಣದ ಹೆಪ್ಪು, ಅದರ ಕೆಳಗೆ ಸೀಮೆಸುಣ್ಣದಂಥ ಮೆತ್ತನೆಯ ಬಿಳಿಕಲ್ಲು. ನಾರಿಯನ್ನು ಕಡಿಯೋದು ಕಷ್ಟ, ಆದರೆ ಚಾವಣಿಯಾಗಿ ಬಲವಾಗಿ ನಿಲ್ಲುತ್ತೆ. ಕೆಳಗಿನದು ಉಳಿಗೆ ಸಲೀಸಾಗಿ ಬರುತ್ತೆ. ಹಾಗಾಗಿ ಅಲ್ಲಿಯ ಕಲ್ಲುಕುಟಿಗರು ನಾರಿಯಲ್ಲಿ ಸಣ್ಣ ಬಾಯಿ ತೆಗೆದು, ಕೆಳಗಿನ ಮೆತ್ತನೆ ಕಲ್ಲಿನಲ್ಲಿ ಕೋಣೆ ಅಗಲಿಸುತ್ತಿದ್ದರು.

ಕೋಣೆಯ ಗೋಡೆಯಲ್ಲಿ ಕಾಣುವ ಉದ್ದನೆಯ ಗೂಡಿಗೆ ಹೀಬ್ರೂವಿನಲ್ಲಿ ಕೋಖ್ ಅಂತಾರೆ. ಗೋಡೆಗೆ ಲಂಬವಾಗಿ ಒಳಕ್ಕೆ ಹೋಗುತ್ತೆ. ಉದ್ದ ಸುಮಾರು 2 ಮೀಟರ್, ಅಗಲ ಅರ್ಧ ಮೀಟರಿಗೆ ಸ್ವಲ್ಪ ಹೆಚ್ಚು, ಎತ್ತರ ಮುಕ್ಕಾಲು ಮೀಟರಿನ ಆಸುಪಾಸು. ಹೆಣವನ್ನು ತಲೆ ಅಥವಾ ಕಾಲು ಮುಂದಾಗಿ ಒಳಗೆ ತಳ್ಳಿ ಬಾಯಿಗೆ ಚಪ್ಪಡಿ ಮುಚ್ಚುತ್ತಿದ್ದರು. ಇಂಥ ಅನೇಕ ಗೋರಿಗಳಲ್ಲಿ ಕೋಣೆಯ ನಡುವೆ ನೆಲವನ್ನು ಚೌಕವಾಗಿ ತಗ್ಗಿಸಿರುತ್ತಾರೆ. ಕೆಲಸ ಮಾಡುವವರು ನೆಟ್ಟಗೆ ನಿಲ್ಲಲಿ ಅಂತ ಆ ಗುಳಿ. ಅದರ ಮೂರು ಬದಿಗೆ ಉಳಿದ ಕಲ್ಲೇ ಜಗಲಿ.

ಸುಮಾರು ಒಂದು ವರ್ಷಕ್ಕೆ ಮಾಂಸ ಕರಗಿದ ಮೇಲೆ ಮೂಳೆಗಳನ್ನು ಆಯ್ದು ಸುಣ್ಣಕಲ್ಲಿನ ಪೆಟ್ಟಿಗೆಗೆ ಹಾಕುತ್ತಿದ್ದರು. ಪೆಟ್ಟಿಗೆಯ ಉದ್ದವನ್ನು ನಿರ್ಧರಿಸುವುದು ತೊಡೆಮೂಳೆ, ಬುರುಡೆಯಲ್ಲ. ಅದಕ್ಕೇ ದೊಡ್ಡವರ ಪೆಟ್ಟಿಗೆ ಸುಮಾರು 60 ಸೆಂ.ಮೀ. ಉದ್ದ, 30ರ ಹತ್ತಿರ ಅಗಲ ಮತ್ತು ಎತ್ತರ ಇರುತ್ತೆ. ಮಕ್ಕಳದ್ದು ಇನ್ನೂ ಚಿಕ್ಕದು. ಪೆಟ್ಟಿಗೆಯ ಮೇಲೆ ಚಕ್ರದ ಹೂವು, ಕೆಲವೊಮ್ಮೆ ಸತ್ತವರ ಹೆಸರು ಗೀಚಿರುತ್ತಾರೆ.

ಕಸ್ರಾದ ಕೆತ್ತನೆಯ ಕಲ್ಲುಗಳಲ್ಲಿ ಹೂಚಕ್ರ, ದಾಳಿಂಬೆ, ಅಕ್ಯಾಂಥಸ್ ಎಲೆಯ ಹೂಜಿ ಇವೆ. ಮೂರೂ ಆ ಕಾಲದ ಯೆಹೂದಿ ಶವಾಲಂಕಾರದ ಪರಿಚಿತ ಗುರುತುಗಳು. ಅಷ್ಟು ದೊಡ್ಡ ಅಂಗಳ ಕಟ್ಟಿಸಬೇಕಾದರೆ ಮನೆತನ ಸಾಧಾರಣದ್ದಾಗಿರಲಿಕ್ಕಿಲ್ಲ.

---

ದೀಪಸಾಲು

ಹಾಗಾದರೆ ಸಲೋಮೆ ಯಾರು? ಯೇಸುವಿನ ಜನನದಲ್ಲಿ ಇದ್ದ ಸೂಲಗಿತ್ತಿ ಅಂತ ಸುದ್ದಿಯಲ್ಲಿ ಬಂದಿತ್ತು. ಆಕೆಯ ಗೋರಿ ಇದೇನಾ?

---

ಮಣ್ಣಿನ_ಪದರ

ಅಲ್ಲ, ದೀಪಸಾಲು ಅವರೇ. ಹಾಗೆ ಹೇಳಲಿಕ್ಕೆ ಆಧಾರ ಇಲ್ಲ. ಸಲೋಮೆಯ ಕಥೆ ಬೈಬಲಿನ ನಾಲ್ಕು ಸುವಾರ್ತೆಗಳಲ್ಲಿಲ್ಲ, 2ನೆಯ ಶತಮಾನದ ಇನ್ನೊಂದು ಕಥನದಲ್ಲಿ ಬರುತ್ತೆ. ಕನ್ಯೆ ಹೆತ್ತಳು ಎಂಬುದನ್ನು ಆಕೆ ನಂಬದೆ ಕೈ ಒಣಗಿಸಿಕೊಂಡಳು, ಮಗುವನ್ನು ಎತ್ತಿಕೊಂಡಾಗ ಕೈ ವಾಸಿಯಾಯಿತು ಅಂತ.

ಅಗೆದವರು ಕೊಡುವ ವಿವರಣೆ ಹೀಗಿದೆ: ಸಲೋಮೆ, ಅಂದರೆ ಹೀಬ್ರೂವಿನ ಶ್ಲೋಮಿತ್, ಆ ಕಾಲದಲ್ಲಿ ಬಹಳ ಸಾಮಾನ್ಯ ಹೆಸರು. ಅರಮನೆಯ ಹೆಂಗಸರಿಗೂ ಇತ್ತು. ಗೋರಿಯ ಯಾವುದೋ ಅಸ್ಥಿಪೆಟ್ಟಿಗೆಯ ಮೇಲೆ ಆ ಹೆಸರು ಇದ್ದಿರಬಹುದು. ಶತಮಾನಗಳ ನಂತರ ಒಳಹೊಕ್ಕ ಕ್ರೈಸ್ತರು ಅದನ್ನು ಓದಿ ತಮಗೆ ಗೊತ್ತಿದ್ದ ಸಲೋಮೆಯೇ ಅಂದುಕೊಂಡಿರಬಹುದು. ಆ ಪೆಟ್ಟಿಗೆ ಈಗ ಇಲ್ಲ. ಆದ್ದರಿಂದ ಇದು ಊಹೆ, ಆದರೆ ಒಳ್ಳೆಯ ಊಹೆ. ಗೋಡೆಯ ಮೇಲಿನ ಸಲೋಮೆಯ ಹೆಸರಂತೂ ಭಕ್ತರು ಬರೆದದ್ದು, ಗೋರಿ ಕಟ್ಟಿಸಿದವರು ಬರೆದದ್ದಲ್ಲ.

---

ಗಾರೆಸುಣ್ಣ

ಇಗರ್ಜಿಯ ಗುರುತುಗಳಿಗೆ ಬರೋಣ. ಬಂಡೆಯ ಗೋರಿಯೊಳಗೆ ಹೊಕ್ಕಾಗ ಮೊದಲು ನೋಡಬೇಕಾದ್ದು ನೆಲ. ಎಲ್ಲರೂ ಗೋಡೆ ನೋಡ್ತಾರೆ. ಗೋಡೆ ಎಲ್ಲರಿಗೂ ಸಿಗುತ್ತೆ, ಗೀಚುವವರೂ ಅಳಿಸುವವರೂ ಅಲ್ಲೇ. ನೆಲದಲ್ಲಿ ಕೊರೆದ ಗುಣಿ ಉಳಿದುಕೊಳ್ಳುತ್ತೆ.

ಬೈಜಾಂಟೈನ್ ಇಗರ್ಜಿಯಲ್ಲಿ ಗುರುಗಳು ನಿಲ್ಲುವ ಜಾಗಕ್ಕೂ ಜನ ನಿಲ್ಲುವ ಜಾಗಕ್ಕೂ ನಡುವೆ ಸೊಂಟದೆತ್ತರದ ಕಲ್ಲಿನ ತಡೆ ಇರುತ್ತೆ. ಚಿಕ್ಕ ಕಂಬಗಳನ್ನು ನೆಲದ ಚೌಕ ಗುಣಿಗಳಲ್ಲಿ ನಿಲ್ಲಿಸಿ, ಅವುಗಳ ಪಕ್ಕದಲ್ಲಿ ಕೊರೆದ ಸೀಳಿನಲ್ಲಿ ಚಪ್ಪಡಿ ಇಳಿಸುತ್ತಾರೆ. ಕಲ್ಲನ್ನು ಯಾರೋ ಹೊತ್ತುಕೊಂಡು ಹೋಗಿರುತ್ತಾರೆ. ಆದರೆ ಸಾಲಾಗಿ ಚೌಕ ಗುಣಿ, ಅವುಗಳ ನಡುವೆ ಉದ್ದನೆ ಕಾಲುವೆ, ಮಧ್ಯದಲ್ಲಿ ಬಾಗಿಲಿನಷ್ಟು ಖಾಲಿ ಜಾಗ ಕಂಡರೆ ತಡೆ ಇತ್ತು ಅಂತಲೇ ಅರ್ಥ. ಅದರಾಚೆ ನಾಲ್ಕು ಮೂಲೆಯಲ್ಲಿ ನಾಲ್ಕು ಸಣ್ಣ ಗುಣಿ ಇದ್ದರೆ ಬಲಿಪೀಠದ ಕಾಲುಗಳವು. ಅವುಗಳ ನಡುವೆ ಇನ್ನೊಂದು ಕುಳಿ ಇದ್ದರೆ ಸಂತರ ಅವಶೇಷದ ಡಬ್ಬಿ ಇಟ್ಟಿದ್ದ ಜಾಗವಿರಬಹುದು.

ನೆಲ ಆದಮೇಲೆ ದಿಕ್ಕು. ಬಲಿಪೀಠ ಪೂರ್ವಕ್ಕೆ ಬೇಕು. ಗೋರಿಗೆ ಆ ಕಟ್ಟುಪಾಡಿಲ್ಲ, ಬಂಡೆ ಎಲ್ಲಿ ಅನುಕೂಲವೋ ಅಲ್ಲಿ ಬಾಯಿ. ಹಾಗಾಗಿ ಗೋರಿಯನ್ನು ಇಗರ್ಜಿ ಮಾಡುವವರು ಎಷ್ಟೋ ಸಲ ನಡು ಅಕ್ಷವನ್ನೇ ತಿರುಗಿಸಬೇಕಾಗಿ ಬರುತ್ತೆ. ಬಾಗಿಲಿನ ಎದುರಿಗೆ ಇರಬೇಕಾದ ಬಲಿಪೀಠ ಪಕ್ಕದ ಗೋಡೆಗೆ ಹೋಗುತ್ತೆ. ಆ ಪಕ್ಕದ ಗೋಡೆಯಲ್ಲಿ ಅರ್ಧವೃತ್ತದ ಗೂಡು ತೋಡಿದ್ದರೆ, ಅದರ ಅಂಚು ಹಳೆಯ ಕೆತ್ತನೆಯನ್ನು ಕಡಿದುಕೊಂಡು ಹೋಗಿದ್ದರೆ, ಯಾವುದು ಮೊದಲು ಯಾವುದು ನಂತರ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಕೊನೆಗೆ ಗಾರೆ. ಶವಗೂಡಿನ ಬಾಯಿಗೆ ಕಲ್ಲು ತುಂಬಿ ಮೇಲೆ ಗಾರೆ ಬಳಿದು ಗೋಡೆ ಸಮ ಮಾಡಿದ್ದಾರಾ ನೋಡಿ. ಗಾರೆಯ ಮೇಲೆ ಶಿಲುಬೆ ಇದ್ದರೆ ಅದು ಮುಚ್ಚಿದ ಮೇಲಿನದು. ಗಾರೆಯ ಕೆಳಗೆ, ಬಂಡೆಯಲ್ಲೇ ಶಿಲುಬೆ ಇದ್ದರೆ, ಗಾರೆ ಬಳಿಯುವ ಮುಂಚೆಯೇ ಯಾರೋ ಕ್ರೈಸ್ತರು ಅಲ್ಲಿ ಓಡಾಡಿದ್ದಾರೆ.

---

ನೈಲ್_ದಂಡೆ

ಗಾರೆಸುಣ್ಣ ಅವರು ನೆಲ ನೋಡಿ ಅಂದದ್ದು ಸರಿಯಾದ ಮಾತು. ನಾನು ಒಂದು ಎಚ್ಚರಿಕೆ ಸೇರಿಸ್ತೀನಿ: ಶಿಲುಬೆ ಕಂಡ ಕೂಡಲೇ ಚರ್ಚ್ ಅನ್ನಬೇಡಿ. ಈಜಿಪ್ಟಿನ ಲಕ್ಸರ್ ಪಶ್ಚಿಮ ದಂಡೆಯಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತೆ.

ಅಲ್ಲಿ 29ನೆಯ ಸಂಖ್ಯೆಯ ಥೀಬ್ಸ್ ಗೋರಿ, ಎರಡನೆಯ ಅಮೆನ್‌ಹೋಟೆಪ್ ಕಾಲದ ವಜೀರ ಅಮೆನೆಮೋಪೆಯದು. ಬೆಲ್ಜಿಯಂ ತಂಡ ಅಗೆದಾಗ ಸಿಕ್ಕಿದ್ದು 8ನೆಯ ಶತಮಾನದ ಫ್ರಾಂಗೆ ಎಂಬ ಕಾಪ್ಟಿಕ್, ಅಂದರೆ ಈಜಿಪ್ಟಿನ ಕ್ರೈಸ್ತ, ಸಂನ್ಯಾಸಿಯ ಸಂಸಾರವಿಲ್ಲದ ಸಂಸಾರ. ಮಡಕೆಚೂರು ಮತ್ತು ಸುಣ್ಣಕಲ್ಲಿನ ಚೂರಿನ ಮೇಲೆ ಬರೆದ ಕಾಗದಗಳೇ ಸಾವಿರಕ್ಕೂ ಹೆಚ್ಚು. ಅವನು ಬಟ್ಟೆ ನೇಯುತ್ತಿದ್ದ, ಪುಸ್ತಕ ಕಟ್ಟುತ್ತಿದ್ದ, ಮಗ್ಗದ ಗುಳಿಯೂ ಸಿಕ್ಕಿದೆ. ಶಿಲುಬೆ ಇದೆ, ಪ್ರಾರ್ಥನೆಯ ಮಾತು ಇದೆ. ಆದರೂ ಅದು ಮನೆ, ಇಗರ್ಜಿಯಲ್ಲ.

ಅದೇ ಗುಡ್ಡದಲ್ಲಿ ಪ್ರಾಚೀನ ಈಜಿಪ್ಟಿನ ಮಧ್ಯ ರಾಜ್ಯ ಎನ್ನುವ ಕಾಲದ, ಸುಮಾರು 4000 ವರ್ಷ ಹಳೆಯ ಇನ್ನೊಂದು ಗೋರಿಯಲ್ಲಿ, 1152 ಎಂಬ ಸಂಖ್ಯೆ ಇರುವುದರಲ್ಲಿ, ಪೋಲೆಂಡಿನ ತಂಡಕ್ಕೆ 2005ರಲ್ಲಿ ಎರಡು ಪಪೈರಸ್ ಪುಸ್ತಕಗಳು ಸಿಕ್ಕವು. ಕಸದ ಗುಡ್ಡೆಯಲ್ಲಿ! ಅದೂ ಸಂನ್ಯಾಸಿಯ ಬಿಡಾರವೇ.

ರಾಜರ ಕಣಿವೆಯಲ್ಲಿ ನಾಲ್ಕನೆಯ ರಾಮ್ಸೆಸ್‌ನ ಗೋರಿಗೆ ಹೋದರೆ ಬಾಗಿಲ ಹತ್ತಿರದ ಗೋಡೆಯಲ್ಲಿ ಎರಡೂ ಕೈ ಎತ್ತಿ ನಿಂತ ಸಂತ ಅಮ್ಮೋನಿಯೋಸ್ ಕಾಣ್ತಾನೆ. ಸುತ್ತ ಕಾಪ್ಟಿಕ್ ಬರಹ. ಜೊತೆಗೆ ರೋಮನ್ ಕಾಲದ ಪ್ರವಾಸಿಗಳು ಗೀಚಿದ ನೂರಾರು ಗ್ರೀಕ್ ಹೆಸರುಗಳು. ಪಕ್ಕದಲ್ಲೇ ಇರುವ ಮೂರನೆಯ ಸಂಖ್ಯೆಯ ಗೋರಿ, ಮೂರನೆಯ ರಾಮ್ಸೆಸ್‌ನ ಮಗನಿಗೆ ಕಡಿದದ್ದು, ಬೈಜಾಂಟೈನ್ ಕಾಲದಲ್ಲಿ ಪ್ರಾರ್ಥನಾಲಯವಾಗಿ ಬಳಕೆಯಾಗಿತ್ತು.

ಹೀಗೆ ಒಂದೇ ದಂಡೆಯಲ್ಲಿ ಮೂರು ಬಗೆ: ವಾಸ, ಭೇಟಿ, ಪೂಜೆ. ಮೂರಕ್ಕೂ ಶಿಲುಬೆ ಸಮಾನ. ಬೇರೆ ಮಾಡುವುದು ಒಲೆ, ಮಗ್ಗ, ಧಾನ್ಯದ ಗುಡಾಣ ಒಂದು ಕಡೆ. ಬಲಿಪೀಠ, ತಡೆ, ಪೂರ್ವದ ಗೂಡು ಇನ್ನೊಂದು ಕಡೆ.

---

ಇಗರ್ಜಿ_ಬಯಲು

ಪದದ ಬಗ್ಗೆ ಸಣ್ಣ ಮಾತು. ಕರಾವಳಿಯಲ್ಲಿ ನಾವು ಇಗರ್ಜಿ ಅಂತೀವಿ, ಪೋರ್ಚುಗೀಸರಿಂದ ಬಂದದ್ದು. ಅಲ್ಲಿಯೂ ದೊಡ್ಡ ಇಗರ್ಜಿ ಬೇರೆ, ಕಪೇಲ್ ಅಂದರೆ ಸಣ್ಣ ಪ್ರಾರ್ಥನಾಲಯ ಬೇರೆ. ನೈಲ್_ದಂಡೆ ಅವರ ಮಾತು ಒಪ್ಪುವುದಾದರೆ ಕಸ್ರಾಕ್ಕೆ ಕಪೇಲ್ ಎನ್ನುವುದೇ ಸರಿಹೊಂದುತ್ತೆ, ಯಾತ್ರಿಕರು ಬಂದು ಹೋಗುವ ಸಂತಳ ಕಪೇಲ್. ಊರಿನವರು ಪ್ರತಿ ಭಾನುವಾರ ಸೇರುವ ಇಗರ್ಜಿಗೆ ಜ್ಞಾನಸ್ನಾನದ ತೊಟ್ಟಿ, ಜನರಿಗೆ ಜಾಗ, ಗುರುಗಳಿಗೆ ಸಾಮಾನು ಕೋಣೆ ಬೇಕಾಗುತ್ತೆ.

---

ಕೆಂಪುಬಂಡೆ

ಊಹೆಯೇ ಬೇಡದ ಉದಾಹರಣೆ ಬೇಕಿದ್ದರೆ ಜೋರ್ಡಾನಿನ ಪೆಟ್ರಾ ನೋಡಿ. ಅಲ್ಲಿ ಇಗರ್ಜಿ ಮಾಡಿದವರು ತಾರೀಖು ಸಮೇತ ಬರೆದಿಟ್ಟಿದ್ದಾರೆ.

ಪೆಟ್ರಾದ ಅಲ್-ಖುಬ್ಥಾ ಬೆಟ್ಟದ ಪಡುವಣ ಮುಖದಲ್ಲಿ ರಾಜಗೋರಿಗಳ ಸಾಲಿದೆ. ಅದರಲ್ಲಿ ಕಲಶಗೋರಿ ಎನ್ನಬಹುದಾದದ್ದು, ಮೇಲೆ ಕಲಶ ಇರುವುದು, ಪೆಟ್ರಾವನ್ನು ರಾಜಧಾನಿ ಮಾಡಿಕೊಂಡಿದ್ದ ನಬಾತೀಯರು ಎಂಬ ಅರಬ್ ಜನ ಕ್ರಿ.ಶ. 1ನೆಯ ಶತಮಾನದಲ್ಲಿ ಕಡಿದದ್ದು. ಎದುರು ಅಂಗಳ, ಎರಡು ಬದಿಗೆ ಕಂಬಸಾಲು, ಅಂಗಳವನ್ನು ಹೊತ್ತ ಕಮಾನಿನ ನೆಲೆಗಟ್ಟು. ಒಳಗಿನ ಕೋಣೆ ವಿಶಾಲ, ಒಂದೂ ಕಂಬ ಇಲ್ಲ. ಬಾದಾಮಿಯ ಮರಳುಗಲ್ಲನ್ನು ನೋಡಿದವರಿಗೆ ಆ ಕೆಂಪು ಹೊಸದಲ್ಲ. ಆದರೆ ಇಲ್ಲಿ ಅದರ ನಡುವೆ ಬಿಳಿ, ನೇರಳೆ, ಹಳದಿಯ ಸುರುಳಿ ಪಟ್ಟೆಗಳು ಚಾವಣಿಯುದ್ದಕ್ಕೂ ಹರಿದಿವೆ.

ಮುಖ ಪಡುವಣಕ್ಕೆ ಇರುವುದರಿಂದ ಹಿಂದಿನ ಗೋಡೆ ತಾನಾಗಿಯೇ ಮೂಡಣಕ್ಕೆ ಬಂತು! ಗಾರೆಸುಣ್ಣ ಹೇಳಿದ ಅಕ್ಷ ತಿರುಗಿಸುವ ಪಾಡು ಇಲ್ಲಿ ಬರಲೇ ಇಲ್ಲ. ಹಿಂದಿನ ಗೋಡೆಯಲ್ಲಿದ್ದ ಗೂಡುಗಳನ್ನೇ ಅಗಲಿಸಿ ಅರ್ಧವೃತ್ತ ಮಾಡಿದರು. ಅದರ ಮುಂದೆ ನೆಲದಲ್ಲಿ ತಡೆಯ ಗುಣಿಗಳು ಇವತ್ತಿಗೂ ಇವೆ. ಗೋಡೆಯ ಎಡಗಡೆ ಕೆಂಪು ಬಣ್ಣದಲ್ಲಿ ಗ್ರೀಕ್ ಬರಹ: ಬಿಷಪ್ ಯಾಸೋನ್ ಕಾಲದಲ್ಲಿ ಈ ಜಾಗವನ್ನು ರಕ್ಷಕ ಕ್ರಿಸ್ತನಿಗೆ ಪ್ರತಿಷ್ಠೆ ಮಾಡಲಾಯಿತು ಎಂದು. ವರ್ಷ ಕ್ರಿ.ಶ. 446. ಕಡಿದದ್ದಲ್ಲ, ಬರೀ ಬಣ್ಣ. ಅಷ್ಟಾದರೂ ಉಳಿದಿರುವುದು ಮಳೆ ಒಳಗೆ ಬಾರದ್ದರಿಂದ.

ಉಳಿಯ ಗುರುತನ್ನೂ ಹೋಲಿಸಿ ನೋಡಬೇಕು. ನಬಾತೀಯರು ಕಲ್ಲಿನ ಮುಖ ಸಮ ಮಾಡುವಾಗ ಉಳಿಯನ್ನು ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹೊಡೆಯುತ್ತಿದ್ದರು. ಗೋಡೆ ತುಂಬ ಸಮಾಂತರ ಓರೆಗೆರೆ. ಪಕ್ಕದಿಂದ ಟಾರ್ಚ್ ಹಿಡಿದರೆ ಗೆರೆ ಎಲ್ಲಿ ನಿಂತು ಇನ್ನೊಬ್ಬನ ಕೈ ಎಲ್ಲಿ ಶುರುವಾಗುತ್ತೆ ಅನ್ನೋದು ನೆರಳಿನಲ್ಲಿ ಎದ್ದು ಬರುತ್ತೆ.

---

ದೀಪಸಾಲು

446 ಅಂತ ನೇರವಾಗಿ ಬರೆದಿರೋದಿಲ್ಲ ಅಲ್ವಾ? ಲೆಕ್ಕ ಹೇಗೆ ಹಾಕಿದ್ರು?

---

ಕೆಂಪುಬಂಡೆ

ಇಲ್ಲ. ಬರಹದಲ್ಲಿರುವುದು 341ನೆಯ ವರ್ಷ, ಲೋಓಸ್ ತಿಂಗಳ 5. ರೋಮನ್ನರು ನಬಾತೀಯ ರಾಜ್ಯವನ್ನು ಅರೇಬಿಯಾ ಪ್ರಾಂತ್ಯ ಮಾಡಿದಾಗ ಶುರುವಾದ ಶಕೆ ಅದು, ಮೊದಲ ವರ್ಷದ ಮೊದಲ ದಿನ ಕ್ರಿ.ಶ. 106ರ ಮಾರ್ಚ್ 22. ನಮ್ಮ ಶಾಲಿವಾಹನ ಶಕೆಗೆ 78 ಕೂಡಿಸುವ ಹಾಗೆ ಇಲ್ಲಿ 105 ಕೂಡಿಸಬೇಕು. 341ಕ್ಕೆ 105 ಸೇರಿದರೆ 446. ಲೋಓಸ್ ತಿಂಗಳು ಆ ಪ್ರಾಂತ್ಯದಲ್ಲಿ ಜುಲೈ 20ಕ್ಕೆ ಶುರುವಾಗುತ್ತಿತ್ತು, 5ನೆಯ ದಿನ ಅಂದರೆ ಜುಲೈ 24. ಜನವರಿಯಿಂದ ಮಾರ್ಚ್ 21ರೊಳಗಿನ ತಾರೀಖಾದರೆ ಮಾತ್ರ 106 ಕೂಡಿಸಬೇಕು. ಬಾದಾಮಿ ಮೂರನೆಯ ಗುಹೆಯ ಶಕ 500ನ್ನು 578 ಎಂದು ಓದುವ ಲೆಕ್ಕವೇ ಇದು, ಶುರುವಿನ ದಿನ ಮಾತ್ರ ಬೇರೆ.

ಆ ತಾರೀಖಿನ ಹಿಂದುಮುಂದು ಕೂಡ ಮುಖ್ಯ. 363ರ ಮೇ ತಿಂಗಳಲ್ಲಿ ಪೆಟ್ರಾಕ್ಕೆ ದೊಡ್ಡ ಭೂಕಂಪ ಬಡಿಯಿತು. ಕಟ್ಟಡಗಳು ಉರುಳಿದವು. ಬಂಡೆಯಲ್ಲಿ ಕಡಿದ ಗೋರಿ ನಿಂತಿತು. ಎಂಬತ್ತು ವರ್ಷದ ಮೇಲೆ ಪೂಜೆಗೆ ದೊಡ್ಡ, ಗಟ್ಟಿ ಜಾಗ ಬೇಕೆಂದವರು ಗೋರಿಯನ್ನು ಆರಿಸಿದ್ದರಲ್ಲಿ ಅನುಕೂಲವೂ ಇತ್ತು ಅಂತ ನನ್ನ ಅಭಿಪ್ರಾಯ. "ಹಳೆಯ ದೇವರನ್ನು ಸೋಲಿಸಲು" ಎಂದು ಪ್ರತಿಯೊಂದು ಮರುಬಳಕೆಗೂ ಒಂದೇ ಕಾರಣ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

---

ನೈಲ್_ದಂಡೆ

ಅದೃಷ್ಟ ಕೈಕೊಟ್ಟದ್ದರ ಉದಾಹರಣೆ ನಾನು ಹೇಳಬೇಕು. ಈಜಿಪ್ಟಿನ ಅಮರ್ನಾದಲ್ಲಿ ಉತ್ತರದ ಗೋರಿಗಳ ಸಾಲಿನಲ್ಲಿ 6ನೆಯದು ಪಾನೆಹ್ಸಿಯದು. ಫೇರೋ (ಈಜಿಪ್ಟಿನ ಅರಸ) ಅಖೆನಾತೆನ್ ಕಾಲದಲ್ಲಿ ಆತೆನ್ ಎಂಬ ಸೂರ್ಯದೇವರ ದೇವಾಲಯದ ಮುಖ್ಯ ಸೇವಕ. ಅಂದರೆ ಕ್ರಿ.ಪೂ. 14ನೆಯ ಶತಮಾನ. ಸುಮಾರು ಎರಡು ಸಾವಿರ ವರ್ಷ ಕಳೆದ ಮೇಲೆ ಕಾಪ್ಟಿಕ್ ಕ್ರೈಸ್ತರು ಹೊರಕೋಣೆಯನ್ನು ಇಗರ್ಜಿ ಮಾಡಿದರು. ಗೋಡೆಯಲ್ಲಿ ಬಲಿಪೀಠದ ಅರ್ಧವೃತ್ತ ತೋಡಿದರು, ಅಡ್ಡ ಬಂದ ಕಂಬಗಳನ್ನು ಕಡಿದರು, ಸೂರ್ಯನ ಕಿರಣಗಳ ಕೆತ್ತನೆಯ ಮೇಲೆ ಗಾರೆ ಬಳಿದು ಬಣ್ಣ ಹಾಕಿದರು. ಸುತ್ತಲಿನ ಇಳಿಜಾರಿನಲ್ಲಿ ಅವರ ಕಲ್ಲಿನ ಗುಡಿಸಲುಗಳ ಅವಶೇಷವೂ ಇದೆ.

ನಾರ್ಮನ್ ಡಿ ಗಾರಿಸ್ ಡೇವಿಸ್ ಈ ಗೋರಿಯನ್ನು ದಾಖಲಿಸಿ 1905ರಲ್ಲಿ ಪ್ರಕಟಿಸಿದರು. ಅವರ ರೇಖಾಚಿತ್ರಗಳಿಗೆ ಇವತ್ತಿಗೂ ಸಾಟಿಯಿಲ್ಲ. ಆದರೆ ಆ ಕಾಲದ ಗುರಿ ಫೇರೋಗಳ ಕೆತ್ತನೆ. ಗಾರೆ ಎಂದರೆ ಅದನ್ನು ಮುಚ್ಚಿದ ಅಡ್ಡಿ. ಈಜಿಪ್ಟಿನ ಎಷ್ಟೋ ಗೋರಿಗಳಲ್ಲಿ ಹಾಗೆ ಕೆರೆದು ತೆಗೆದ ಗಾರೆಯ ಜೊತೆ ಸಂತರ ಚಿತ್ರ, ಬರಹ, ದೀಪದ ಮಸಿ ಎಲ್ಲ ಹೋಯಿತು. ಪಾನೆಹ್ಸಿ ಇಗರ್ಜಿಯನ್ನು ಇಗರ್ಜಿಯಾಗಿಯೇ ಅಧ್ಯಯನ ಮಾಡಲು ಗಿಲಿಯನ್ ಪೈಕ್ ಕೈಹಾಕುವ ಹೊತ್ತಿಗೆ ಒಂದು ಶತಮಾನ ಕಳೆದಿತ್ತು. ಉಳಿದ ಚೂರುಪಾರು ಗಾರೆ, ಬಣ್ಣದ ತುಣುಕು, ನೆಲದ ಗುರುತಿನಿಂದ ಕೆಲಸ ಮಾಡಬೇಕಾಯಿತು. ಮೇಲಿನ ಪದರ ಕೆಳಗಿನದಕ್ಕಿಂತ ಕಡಿಮೆ ಬೆಲೆಯದು ಅಂತ ಯಾರಾದರೂ ಹೇಳಿದರೆ ನಾನು ಈ ಗೋರಿಯನ್ನೇ ತೋರಿಸ್ತೀನಿ.

---

ಮಣ್ಣಿನ_ಪದರ

ಅಗೆಯುವ ಕ್ರಮಕ್ಕೆ ಬರ್ತೀನಿ, ಎಡವಟ್ಟುಗಳು ಆಗುವುದೇ ಅಲ್ಲಿ.

ಕಳ್ಳರು ಹೊಕ್ಕ ಗುಹೆಯಲ್ಲಿ ಮೊದಲ ಕೆಲಸ ಅವರ ಗುಂಡಿಯನ್ನು ಗುರುತಿಸುವುದು. ಕಳ್ಳಗುಂಡಿಯ ಮಣ್ಣು ಸಡಿಲ, ಬಣ್ಣ ಕಲಸಿಕೊಂಡಿರುತ್ತೆ, ಒಳಗೆ ಪ್ಲಾಸ್ಟಿಕ್ಕು, ಸಿಗರೇಟಿನ ತುಂಡು. ಅದನ್ನು ಮೊದಲು ಬೇರೆಯಾಗಿ ತೆಗೆದು ಬೇರೆ ಚೀಲಕ್ಕೆ ಹಾಕಬೇಕು. ಬಿಸಾಡಬಾರದು, ಜರಡಿ ಹಿಡಿಯಬೇಕು. ಗುಂಡಿಯ ಅಂಚು ಕತ್ತರಿಸಿದ ಹಾಗೆ ಇರುತ್ತೆ. ಆ ಅಂಚನ್ನು ಸವರಿ ನೆಟ್ಟಗೆ ಮಾಡಿದರೆ ಕಳ್ಳರೇ ಪದರಗಳ ಅಡ್ಡಸೀಳನ್ನು ತೋರಿಸಿಕೊಟ್ಟ ಹಾಗಾಗುತ್ತೆ.

ಆಮೇಲೆ ನೆಲದ ಪದರಗಳು. ಗುಹೆಯಲ್ಲಿ ಮಣ್ಣು ನಿಧಾನವಾಗಿ ಬೀಳುತ್ತೆ, ಚಾವಣಿಯ ಸುಣ್ಣದ ಪುಡಿಯೇ ಹೆಚ್ಚು. ಗೋರಿಯ ನೆಲವನ್ನೇ ಇಗರ್ಜಿಯವರು ಗುಡಿಸಿ ಬಳಸಿರುತ್ತಾರೆ, ಹಾಗಾಗಿ 1ನೆಯ ಶತಮಾನದ ಚೂರು ಮತ್ತು 6ನೆಯ ಶತಮಾನದ ಚೂರು ಒಂದೇ ಮಟ್ಟದಲ್ಲಿ ಬಿದ್ದಿರುತ್ತವೆ. ಆಳ ಅಳೆದು ಕಾಲ ಹೇಳಲು ಹೋದರೆ ಅಲ್ಲೇ ತಪ್ಪು. ಮುಚ್ಚಿದ ಜಾಗ ಹುಡುಕಬೇಕು: ಗಾರೆ ಹಾಕಿ ಮುಚ್ಚಿದ ಗೂಡಿನ ಒಳಗೆ, ಚಪ್ಪಡಿಯ ಕೆಳಗೆ, ಮೊಸಾಯಿಕ್ಕಿನ ಹಾಸಿನ ಕೆಳಗೆ.

ಮೊಸಾಯಿಕ್ ಅಂದರೆ ಮೇಲಿನ ಕಲ್ಲು ಮಾತ್ರವಲ್ಲ. ಕೆಳಗೆ ದಪ್ಪ ಕಲ್ಲಿನ ಹಾಸು, ಅದರ ಮೇಲೆ ಒರಟು ಗಾರೆ, ಅದರ ಮೇಲೆ ನಯವಾದ ಗಾರೆ, ಅದು ಹಸಿ ಇರುವಾಗ ಒತ್ತಿದ ಚೌಕಗಳು. ಹಾಸಿನ ಕೆಳಗೆ ಸಿಕ್ಕಿಬಿದ್ದ ನಾಣ್ಯ ಇದ್ದರೆ ನೆಲ ಆ ನಾಣ್ಯಕ್ಕಿಂತ ಹಿಂದಿನದಲ್ಲ. ಎಷ್ಟು ಹೊಸದು ಎಂದು ನಾಣ್ಯ ಹೇಳುವುದಿಲ್ಲ. ಸವೆದ ನಾಣ್ಯ ನೂರು ವರ್ಷ ಚಲಾವಣೆಯಲ್ಲಿ ಇದ್ದಿರಬಹುದು. ಹಾಸಿನ ಮೇಲೆ ಸಿಕ್ಕಿದ ನಾಣ್ಯವನ್ನು ಕಟ್ಟಿದ ಕಾಲಕ್ಕೆ ಹಚ್ಚಬೇಡಿ. ಅದು ಬಳಕೆಯ ಕಾಲದ್ದು, ಅಥವಾ ಬಿಟ್ಟುಹೋದ ಕಾಲದ್ದು.

ಗೋಡೆಯ ಗೀಚುಬರಹಕ್ಕೆ ನೀರು ಹಾಕಬೇಡಿ, ಸೀಮೆಸುಣ್ಣ ತುಂಬಬೇಡಿ. ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ದೀಪವನ್ನು ಮಾತ್ರ ಸುತ್ತಲೂ ಸರಿಸುತ್ತಾ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಸೇರಿಸುವ ವಿಧಾನವಿದೆ. ಬರಿಗಣ್ಣಿಗೆ ಕಾಣದ ಗೀರು ಅದರಲ್ಲಿ ಕಾಣುತ್ತೆ. ಒಂದು ಗೀರು ಇನ್ನೊಂದನ್ನು ಎಲ್ಲಿ ಕತ್ತರಿಸುತ್ತೆ ಎನ್ನುವುದೂ ತಿಳಿಯುತ್ತೆ. ಶಿಲುಬೆಯ ಮೇಲೆ ಅರಬ್ಬಿ ಅಕ್ಷರ ಹಾದುಹೋಗಿದ್ದರೆ ಕ್ರಮ ಗೊತ್ತಾಯಿತು.

---

ಗಾರೆಸುಣ್ಣ

ಗಾರೆಯ ಕಾಲ ನಿರ್ಣಯಕ್ಕೆ ಎರಡು ದಾರಿ ಸೇರಿಸ್ತೀನಿ. ಗಾರೆಯಲ್ಲಿ ಸಿಕ್ಕಿದ ಇದ್ದಿಲಿನ ಚೂರನ್ನು ರೇಡಿಯೋಕಾರ್ಬನ್‌ಗೆ ಕೊಟ್ಟರೆ ಅದು ಹೇಳುವುದು ಮರದ ಆ ಭಾಗ ಬೆಳೆದ ಕಾಲ. ಹಳೆಯ ತೊಲೆಯನ್ನು ಸುಣ್ಣದ ಗೂಡಿಗೆ ಹಾಕಿದ್ದರೆ ಗಾರೆಗಿಂತ ನೂರಿನ್ನೂರು ವರ್ಷ ಹಿಂದಕ್ಕೆ ಹೋಗುತ್ತೆ. ಅದಕ್ಕೇ ಒಂದೇ ಬೆಳೆಯ ಹುಲ್ಲು, ಹೊಟ್ಟು ಸಿಕ್ಕರೆ ಅದನ್ನೇ ಆರಿಸಬೇಕು.

ಇನ್ನೊಂದು ದಾರಿ ಮರಳಿನದು. ಗಾರೆಯೊಳಗಿನ ಸ್ಫಟಿಕದ ಕಣ ಕೊನೆಯ ಸಲ ಬೆಳಕು ಕಂಡದ್ದು ಕಲಸುವಾಗ. ಅಂದಿನಿಂದ ಸುತ್ತಲಿನ ವಿಕಿರಣವನ್ನು ತನ್ನೊಳಗೆ ಕೂಡಿಡುತ್ತಾ ಬರುತ್ತೆ. ಪ್ರಯೋಗಾಲಯದಲ್ಲಿ ಬೆಳಕು ಹಾಯಿಸಿ ಆ ಶೇಖರವನ್ನು ಅಳೆಯುತ್ತಾರೆ. ಜೆರುಸಲೇಮಿನ ಪವಿತ್ರ ಸಮಾಧಿಯ ಇಗರ್ಜಿಯಲ್ಲಿ 2016ರ ಅಕ್ಟೋಬರಿನಲ್ಲಿ ಅಮೃತಶಿಲೆಯ ಚಪ್ಪಡಿ ಸರಿಸಿ 60 ಗಂಟೆ ತೆರೆದಿಟ್ಟಾಗ, ಅಥೆನ್ಸಿನ ಆಂತೋನಿಯಾ ಮೊರೊಪೌಲೂ ಅವರ ತಂಡ ತೆಗೆದ ಗಾರೆ ಸುಮಾರು ಕ್ರಿ.ಶ. 345ರದು ಎಂದು ಬಂತು. ಕಾನ್ಸ್ಟಾಂಟೈನ್ ಕಟ್ಟಿಸಿದ ಕಾಲಕ್ಕೆ ಹೊಂದುತ್ತೆ. ಅಲ್ಲೂ ಕೆಳಗಿರುವುದು ಸುಣ್ಣಕಲ್ಲಿನಲ್ಲಿ ಕಡಿದ ಗೋರಿ.

ಈ ಮಾದರಿಗೆ ಬೆಳಕು ತಾಗಿದರೆ ಗಡಿಯಾರ ಸೊನ್ನೆಗೆ ಬಂದುಬಿಡುತ್ತೆ. ಕತ್ತಲಲ್ಲಿ, ಮಂದ ಕೆಂಪು ದೀಪದಲ್ಲಿ ತೆಗೆದು ಕಪ್ಪು ಚೀಲದಲ್ಲಿ ಸುತ್ತಬೇಕು. ಹೊರಮುಖದ ಗಾರೆಯನ್ನು ಕೆರೆದು ಬಿಟ್ಟು ಒಳಗಿನದನ್ನೇ ತೆಗೆಯಬೇಕು. ಫ್ಲಾಶ್ ಹೊಡೆದು ಫೋಟೋ ತೆಗೆದುಬಿಟ್ಟರೆ ಆ ತುಂಡು ಹೋಯಿತು.

---

ದೀಪಸಾಲು

ಕಸ್ರಾದ ಅಂಗಡಿಗಳಲ್ಲಿ ನೂರಾರು ಹಣತೆ ಯಾಕೆ? ಅಷ್ಟೂ ಪೂಜೆಗಾ?

---

ಉಳಿಪೆಟ್ಟು

ಗುಹೆಯೊಳಗೆ ಕಿಟಕಿ ಇಲ್ಲ. ಯಾತ್ರಿಕರಿಗೆ ದಾರಿ ಕಾಣಲೂ ದೀಪ ಬೇಕು, ಸಂತಳ ಮುಂದೆ ಹಚ್ಚಲೂ ಬೇಕು. ಅಂಗಳದ ಅಂಗಡಿಯಲ್ಲಿ ಮಾರುತ್ತಿದ್ದರು ಅಥವಾ ಬಾಡಿಗೆಗೆ ಕೊಡುತ್ತಿದ್ದರು ಎಂಬುದು ಅಗೆದವರ ಅಭಿಪ್ರಾಯ. ಅಲ್ಲಿ ಸಿಕ್ಕಿದವು 8-9ನೆಯ ಶತಮಾನದವು.

ಆ ಕಾಲದ ಹಣತೆ ನಮ್ಮ ದೀಪಾವಳಿಯ ತೆರೆದ ಹಣತೆಯಂತಲ್ಲ, ಮುಚ್ಚಿದ್ದು. ಬಾದಾಮಿ ಕಾಯಿಯ ಆಕಾರ, ನಡುವೆ ಎಣ್ಣೆ ಹಾಕುವ ತೂತು, ಚೂಪಾದ ತುದಿಯಲ್ಲಿ ಬತ್ತಿಯ ತೂತು, ಎರಡರ ನಡುವೆ ಒಂದು ಕಾಲುವೆ, ಹಿಂದೆ ನಾಲಗೆಯಂಥ ಪುಟ್ಟ ಹಿಡಿ. ಮೇಲರ್ಧ, ಕೆಳಗರ್ಧಕ್ಕೆ ಬೇರೆ ಬೇರೆ ಅಚ್ಚು. ಜೇಡಿಯನ್ನು ಎರಡರಲ್ಲೂ ಒತ್ತಿ, ಸ್ವಲ್ಪ ಬಿಗಿಯಾದ ಮೇಲೆ ಒಂದರ ಮೇಲೊಂದು ಕೂರಿಸಿ, ಸೇರಿದ ಅಂಚನ್ನು ಬೆರಳಲ್ಲಿ ಸವರಿ, ಆಮೇಲೆ ತೂತು ಕೊರೆದು ಸುಡುವುದು. ಅಂಚು ಸರಿಯಾಗಿ ಕೂರದಿದ್ದರೆ ಎಣ್ಣೆ ಸೋರುತ್ತೆ, ಒಲೆಯಲ್ಲೇ ಬಿರಿಯುತ್ತೆ.

ಅಗೆಯುವಾಗ ಮುಖ್ಯವಾಗಿ ನೋಡಬೇಕಾದ್ದು ಬತ್ತಿಯ ತೂತು. ಅಲ್ಲಿ ಮಸಿ ಇದ್ದರೆ ಹಚ್ಚಿದ ದೀಪ. ಮಸಿಯೇ ಇಲ್ಲದಿದ್ದರೆ ಮಾರಾಟವಾಗದೆ ಉಳಿದ ಸರಕು. ಗೊತ್ತಿಲ್ಲದವರು ಹಣತೆಯನ್ನು ಸಿಕ್ಕಿದ ಕೂಡಲೇ ಬ್ರಷ್ ಹಾಕಿ ತೊಳೆದುಬಿಡುತ್ತಾರೆ. ಮಸಿಯೂ ಹೋಗುತ್ತೆ, ಒಳಗೆ ಜೇಡಿ ಹೀರಿಕೊಂಡ ಎಣ್ಣೆಯ ಅಂಶವನ್ನು ಪರೀಕ್ಷಿಸುವ ಅವಕಾಶವೂ ಹಾಳಾಗುತ್ತೆ. ಕೆಲವನ್ನಾದರೂ ತೊಳೆಯದೆ ಹಾಗೇ ಎತ್ತಿಡಬೇಕು.

---

ಇಗರ್ಜಿ_ಬಯಲು

8-9ನೆಯ ಶತಮಾನ ಅಂದರೆ ಅಲ್ಲಿ ಆಗಲೇ ಮುಸ್ಲಿಂ ಆಡಳಿತ ಬಂದು ನೂರು ವರ್ಷ ದಾಟಿತ್ತು. ಆದರೂ ಯಾತ್ರೆ ನಿಂತಿಲ್ಲ. ಗೋಡೆಯ ಅರಬ್ಬಿ ಬರಹವನ್ನು ಇಸ್ಲಾಮಿನವರದೇ ಅಂದುಕೊಳ್ಳಬೇಕಾಗಿಲ್ಲ, ಅಲ್ಲಿಯ ಕ್ರೈಸ್ತರೂ ಅಷ್ಟು ಹೊತ್ತಿಗೆ ಅರಬ್ಬಿ ಬಳಸುತ್ತಿದ್ದರು. ಭಾಷೆ ನೋಡಿ ಧರ್ಮ ಹೇಳುವುದು ಶಿಲುಬೆ ನೋಡಿ ಚರ್ಚ್ ಹೇಳಿದ ಹಾಗೇ ಆಗುತ್ತೆ.

---

ಕೆಂಪುಬಂಡೆ

ಒಪ್ಪುತ್ತೇನೆ. ಇದಕ್ಕೂ ಉದ್ದದ ಬಳಕೆ ಸಾರ್ಡೀನಿಯಾ ದ್ವೀಪದಲ್ಲಿದೆ. ಬೊನೊರ್ವಾ ಊರಿನ ಬಳಿ ಸಾಂತ್ ಆಂದ್ರೆಯಾ ಪ್ರಿಯೂ ಎಂಬಲ್ಲಿ ಕಡಿದಾದ ಬಂಡೆಯ ಮುಖದಲ್ಲಿ ನವಶಿಲಾಯುಗದ ಗೋರಿಗಳು. ಅಲ್ಲಿಯ ಜನ ಇಂಥವನ್ನು ದೊಮುಸ್ ದೆ ಜಾನಸ್ ಅಂತಾರೆ, ಯಕ್ಷಿಣಿಯರ ಮನೆ ಅಂತ ಅರ್ಥ. ಅವುಗಳಲ್ಲಿ ದೊಡ್ಡದು ನಾಯಕನ ಗೋರಿ, 18 ಕೋಣೆಗಳದ್ದು. ಕಡಿದು ಸುಮಾರು 5000 ವರ್ಷ. ಮೊದಲ ಮೂರು ದೊಡ್ಡ ಕೋಣೆಗಳು ಒಂದರ ಹಿಂದೆ ಒಂದಿರುವುದರಿಂದ ಕ್ರೈಸ್ತರು ಅವನ್ನೇ ಮುಖಮಂಟಪ, ಸಭೆ, ಬಲಿಪೀಠದ ಕೋಣೆ ಮಾಡಿಕೊಂಡರು. ಚಾವಣಿಗೆ ಬೆಳಕಿಂಡಿ ಕೊರೆದರು, ಗೋಡೆಗೆ ಗಾರೆ ಬಳಿದು ಕ್ರಿಸ್ತನ ಬಾಲ್ಯದ ದೃಶ್ಯ, ಅಪೊಸ್ತಲರನ್ನು ಬರೆದರು. 1313ರಲ್ಲಿ ಸೊರ್ರೆಸ್‌ನ ಬಿಷಪ್ ಮತ್ತೆ ಪ್ರತಿಷ್ಠೆ ಮಾಡಿದರು. 2025ರಲ್ಲಿ ಸಾರ್ಡೀನಿಯಾದ ಈ ಗೋರಿಗಳು ಯುನೆಸ್ಕೊ ಪಟ್ಟಿಗೆ ಸೇರಿದವು.

---

ಗಾರೆಸುಣ್ಣ

ಬೆಳಕಿಂಡಿ ಅಂದಿರಲ್ಲ, ಗೋರಿಯ ಆಯಸ್ಸು ನಿರ್ಧಾರವಾಗುವುದೂ ಅಲ್ಲೇ. ಮುಚ್ಚಿದ ಗುಹೆಯಲ್ಲಿ ತೇವ, ತಾಪ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಇರುತ್ತೆ. ಕಿಂಡಿ ಕೊರೆದರೆ ಅಥವಾ ಅಗೆದು ಬಾಯಿ ತೆರೆದರೆ ಹಗಲು ಒಣಗಿ ರಾತ್ರಿ ತೇವವಾಗುವ ಆಟ ಶುರು. ಕಲ್ಲಿನೊಳಗಿನ ಉಪ್ಪು ನೀರಿನ ಜೊತೆ ಮೇಲಕ್ಕೆ ಬಂದು ಗಾರೆಯ ಹಿಂದೆ ಹರಳುಗಟ್ಟುತ್ತೆ. ಹರಳು ಬೆಳೆಯುವಾಗ ಗಾರೆಯನ್ನು ತಳ್ಳುತ್ತೆ. ಮೊದಲು ಬೆರಳಲ್ಲಿ ತಟ್ಟಿದರೆ ಡೊಳ್ಳು ಸದ್ದು, ಆಮೇಲೆ ಉಬ್ಬು, ಆಮೇಲೆ ಒಂದು ದಿನ ಚಿತ್ರ ಸಮೇತ ನೆಲಕ್ಕೆ. ಬೆಳಕು ಬಿದ್ದ ಕಡೆ ಹಸಿರು ಪಾಚಿ ಬೇರೆ. ವಿದ್ಯುತ್ ದೀಪ ಹಾಕಿದ ಗುಹೆಗಳಲ್ಲಿ ದೀಪದ ಸುತ್ತ ಪಾಚಿಯ ವೃತ್ತ ಬೆಳೆಯುವುದೂ ಇದರಿಂದಲೇ.

ಹೀಗಾಗಿ ಅಗೆದ ಕೂಡಲೇ ಬಾಗಿಲು ಕೂರಿಸಬೇಕು, ತೇವಮಾಪಕ ಇಡಬೇಕು, ಟೊಳ್ಳಾದ ಗಾರೆಯ ಹಿಂದೆ ಸುಣ್ಣದ ತಿಳಿಗಾರೆ ಸಿರಿಂಜಿನಲ್ಲಿ ತುಂಬಬೇಕು. ಸಿಮೆಂಟು ಮುಟ್ಟಲೇಬಾರದು. ಅದರಲ್ಲೇ ಉಪ್ಪಿದೆ, ಸುಣ್ಣಕ್ಕಿಂತ ಗಟ್ಟಿ, ನೀರಾವಿ ಹೊರಗೆ ಬಿಡುವುದಿಲ್ಲ. ಪಕ್ಕದ ಮೆತ್ತನೆ ಕಲ್ಲೇ ಒಡೆದುಹೋಗುತ್ತೆ.

---

ದೀಪಸಾಲು

ಹಾಗಾದರೆ ಕಸ್ರಾದಲ್ಲಿ ಶವಗೂಡುಗಳನ್ನು ಕ್ರೈಸ್ತರು ಯಾಕೆ ಅಳಿಸಲಿಲ್ಲ? ಪೆಟ್ರಾದಲ್ಲಿ ಗೂಡು ಅಗಲಿಸಿದರು, ಅಮರ್ನಾದಲ್ಲಿ ಕಂಬ ಕಡಿದರು.

---

ಮಣ್ಣಿನ_ಪದರ

ಅಲ್ಲಿ ಅವರು ಬಂದದ್ದೇ ಗೋರಿಗೆ. ಪೆಟ್ರಾದವರಿಗೆ ಬೇಕಿದ್ದದ್ದು ಕೋಣೆ, ಒಳಗೆ ಯಾರು ಮಲಗಿದ್ದರು ಎಂಬುದು ಅವರಿಗೆ ಬೇಡ. ಅಮರ್ನಾದಲ್ಲೂ ಪಾನೆಹ್ಸಿ ಯಾರೆಂದು ಕಾಪ್ಟರಿಗೆ ಗೊತ್ತಿಲ್ಲ. ಕಸ್ರಾಕ್ಕೆ ಬಂದವರಿಗೆ ಮಾತ್ರ ಇದು ಸಲೋಮೆಯ ಗೋರಿ. ಶವಗೂಡು ಅಳಿಸಿದರೆ ಯಾತ್ರೆಗೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಗೋಡೆಯ ಮೇಲೆ ಗೀಚಿದರು, ದೀಪ ಹಚ್ಚಿದರು, ಅಂಗಳದಲ್ಲಿ ಅಂಗಡಿ ಇಟ್ಟರು, ಗೂಡುಗಳನ್ನು ಗೂಡುಗಳಾಗಿಯೇ ಬಿಟ್ಟರು.